ರೇಸಿಂಗ್ ಮೋಟಾರ್‌ಸೈಕಲ್‌ನ ಗೇರಿಂಗ್ ಆಯ್ಕೆ

ಗೇರಿಂಗ್ ಆಯ್ಕೆ ಎಂದರೆ ಎಂಜಿನ್‌ನ ತಿರುಗುವೇಗ ಮತ್ತು ಹಿಂದಿನ ಚಕ್ರದ ತಿರುಗುವೇಗಗಳ ನಡುವಿನ ಅನುಪಾತವನ್ನು ಓಟದ ಪಥಕ್ಕೆ ತಕ್ಕಂತೆ ನಿಗದಿಪಡಿಸುವ ಕ್ರಮ. ಜಾವಾ, ಯೆಜ್ಡಿ, ನಾರ್ಟನ್ ಮುಂತಾದ ಹಳೆಯ ಮಾದರಿಯ ರೇಸಿಂಗ್ ಮೋಟಾರ್‌ಸೈಕಲ್‌ಗಳಲ್ಲಿ ಗೇರ್‌ಪೆಟ್ಟಿಗೆಯೊಳಗಿನ ಅನುಪಾತಗಳನ್ನು ಬದಲಿಸುವುದು ಕಷ್ಟದ ಕೆಲಸ. ಆದುದರಿಂದ ಈ ಆಯ್ಕೆಯು ಬಹುಮಟ್ಟಿಗೆ ಚೈನ್ ಹಾಯುವ ಮುಂದಿನ ಮತ್ತು ಹಿಂದಿನ ಸ್ಪ್ರಾಕೆಟ್‌ಗಳ (ಹಲ್ಲುಚಕ್ರಗಳ) ಹಲ್ಲುಗಳ ಸಂಖ್ಯೆಯನ್ನು ನಿರ್ಧರಿಸುವುದಕ್ಕೆ ಸೀಮಿತವಾಗಿರುತ್ತದೆ. ಸವಾರನಿಗೆ ಪರಿಚಯವಿಲ್ಲದ ಪಥದಲ್ಲಿ ಮೊದಲು ಲೆಕ್ಕಾಚಾರದಿಂದ ಒಂದು ಅಂದಾಜು ಮಾಡಿಕೊಂಡು, ಅನಂತರ ಅಭ್ಯಾಸ ಓಟಗಳಲ್ಲಿ ಅದನ್ನು ತಿದ್ದಿಕೊಳ್ಳುವುದು ರೂಢಿಯಲ್ಲಿರುವ ವಿಧಾನವಾಗಿದೆ.

ಗೇರಿಂಗ್ ಬದಲಾವಣೆಯಿಂದ ಎಂಜಿನ್‌ನ ಶಕ್ತಿ ಹೆಚ್ಚುವುದಿಲ್ಲ. ಇರುವ ಶಕ್ತಿಯು ಪಥದ ಯಾವ ಭಾಗದಲ್ಲಿ ದೊರೆಯಬೇಕು ಎಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ. ತಪ್ಪು ಆಯ್ಕೆಯಿಂದ ಸಮಯ ನಷ್ಟವಾಗುವುದಲ್ಲದೆ ಎಂಜಿನ್ ಹಾಳಾಗುವ ಮತ್ತು ಸವಾರನು ಅಪಾಯಕ್ಕೆ ಸಿಲುಕುವ ಸಂಭವವೂ ಇರುತ್ತದೆ.

ಮೂಲ ತತ್ತ್ವ

ಎಂಜಿನ್‌ನಿಂದ ಹಿಂದಿನ ಚಕ್ರದವರೆಗೆ ತಿರುಗುವೇಗವು ಮೂರು ಹಂತಗಳಲ್ಲಿ ಮಾರ್ಪಡುತ್ತದೆ. ಕ್ರ್ಯಾಂಕ್‌ಶಾಫ್ಟ್‌ನಿಂದ ಕ್ಲಚ್‌ಗೆ ಹೋಗುವಾಗ ಆಗುವ ಇಳಿಕೆಯನ್ನು ಪ್ರಾಥಮಿಕ ಅನುಪಾತ ಎನ್ನುತ್ತಾರೆ. ಎರಡನೆಯದು ಗೇರ್‌ಪೆಟ್ಟಿಗೆಯಲ್ಲಿ ಸವಾರನು ಆರಿಸಿದ ಗೇರಿನ ಅನುಪಾತ. ಮೂರನೆಯದು ಹಿಂದಿನ ಸ್ಪ್ರಾಕೆಟ್‌ನ ಹಲ್ಲುಗಳ ಸಂಖ್ಯೆಯನ್ನು ಮುಂದಿನ ಸ್ಪ್ರಾಕೆಟ್‌ನ ಹಲ್ಲುಗಳ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂತಿಮ ಅನುಪಾತ. ಈ ಮೂರನ್ನೂ ಗುಣಿಸಿದರೆ ಒಟ್ಟು ಅನುಪಾತ ದೊರೆಯುತ್ತದೆ.

ಒಟ್ಟು ಅನುಪಾತ ಹೆಚ್ಚಾದಷ್ಟೂ ಚಕ್ರವು ಒಂದು ಸುತ್ತು ತಿರುಗಲು ಎಂಜಿನ್ ಹೆಚ್ಚು ಸುತ್ತು ತಿರುಗಬೇಕಾಗುತ್ತದೆ. ಇದನ್ನು ಗಿಡ್ಡ ಗೇರಿಂಗ್ ಎಂದು ಕರೆಯಬಹುದು. ಇದರಲ್ಲಿ ವೇಗವರ್ಧನೆ ಚುರುಕಾಗಿರುತ್ತದೆ, ಆದರೆ ಕಡಿಮೆ ವೇಗದಲ್ಲೇ ಎಂಜಿನ್ ತನ್ನ ಮಿತಿಯನ್ನು ಮುಟ್ಟುತ್ತದೆ. ಒಟ್ಟು ಅನುಪಾತ ಕಡಿಮೆಯಿದ್ದರೆ ಅದು ಎತ್ತರದ ಗೇರಿಂಗ್. ಇದರಲ್ಲಿ ಅದೇ ತಿರುಗುವೇಗಕ್ಕೆ ವಾಹನದ ವೇಗ ಹೆಚ್ಚು, ಆದರೆ ತಿರುವುಗಳಿಂದ ಹೊರಬರುವಾಗ ಎಳೆತ ಕಡಿಮೆ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದರೂ ಹಿಂದಿನದು ದೊಡ್ಡದಾದರೂ ಗೇರಿಂಗ್ ಗಿಡ್ಡವಾಗುತ್ತದೆ.

ಎಂಜಿನ್ ಎಲ್ಲ ತಿರುಗುವೇಗಗಳಲ್ಲೂ ಒಂದೇ ಪ್ರಮಾಣದ ಶಕ್ತಿಯನ್ನು ಕೊಡುವುದಿಲ್ಲ. ಉಪಯುಕ್ತ ಶಕ್ತಿ ದೊರೆಯುವ ತಿರುಗುವೇಗದ ವ್ಯಾಪ್ತಿಗೆ ಶಕ್ತಿಪಟ್ಟಿ ಎನ್ನಬಹುದು. ರೇಸಿಂಗ್‌ಗೆ ಮಾರ್ಪಡಿಸಿದ ಎರಡು ಹೊಡೆತದ (ಟೂ ಸ್ಟ್ರೋಕ್) ಎಂಜಿನ್‌ಗಳಲ್ಲಿ ಈ ಪಟ್ಟಿ ಕಿರಿದಾಗಿರುತ್ತದೆ. ಪಟ್ಟಿ ಕಿರಿದಾದಷ್ಟೂ ಗೇರಿಂಗ್ ಆಯ್ಕೆ ಸೂಕ್ಷ್ಮವಾಗುತ್ತದೆ. 1967ರ 50 ಸಿಸಿ ಸುಜುಕಿ ಗ್ರ್ಯಾಂಡ್ ಪ್ರೀ ವಾಹನಕ್ಕೆ 14 ಗೇರುಗಳಿದ್ದುದು ಇದೇ ಕಾರಣದಿಂದ. ಅದೇ ದಶಕದ ಬ್ರಿಟಿಷ್ ಏಕ ಸಿಲಿಂಡರ್ ವಾಹನವಾದ ಮ್ಯಾಂಕ್ಸ್ ನಾರ್ಟನ್‌ನಂಥವು ನಾಲ್ಕು ಗೇರುಗಳಲ್ಲೇ ಓಡುತ್ತಿದ್ದವು, ಏಕೆಂದರೆ ಅವುಗಳ ಶಕ್ತಿಪಟ್ಟಿ ಅಗಲವಾಗಿತ್ತು.

ಕರ್ನಾಟಕದ ಹಿನ್ನೆಲೆ

ಕರ್ನಾಟಕದಲ್ಲಿ ಹಳೆಯ ಮೋಟಾರ್‌ಸೈಕಲ್‌ಗಳ ಆಸಕ್ತಿಗೆ ಮುಖ್ಯ ಕಾರಣ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ. ಜೆಕೊಸ್ಲೊವಾಕಿಯಾದ ಜಾವಾ ಸಂಸ್ಥೆಯ ಪರವಾನಗಿಯೊಂದಿಗೆ ಯಾದವಗಿರಿಯಲ್ಲಿ 1961ರಲ್ಲಿ ಉತ್ಪಾದನೆ ಆರಂಭವಾಯಿತು. 1970ರ ದಶಕದಲ್ಲಿ ವಾಹನಗಳಿಗೆ ಯೆಜ್ಡಿ ಎಂಬ ಹೆಸರು ಬಂದಿತು. 250 ಸಿಸಿಯ ಏಕ ಸಿಲಿಂಡರ್, ಎರಡು ಹೊಡೆತದ ಎಂಜಿನ್, ನಾಲ್ಕು ಗೇರುಗಳು, ಕಿಕ್ ಹೊಡೆಯಲೂ ಗೇರ್ ಬದಲಿಸಲೂ ಬಳಸುವ ಒಂದೇ ಸನ್ನೆ, ಹಿಂದಿನ ಚೈನನ್ನು ಪೂರ್ತಿಯಾಗಿ ಮುಚ್ಚುವ ಕವಚ ಇವು ಈ ವಾಹನಗಳ ಗುರುತುಗಳು. ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಆದುದರಿಂದ ಈ ವಾಹನಗಳನ್ನು ಓಡಿಸುವವರಿಗೆ ಒಂದು ಎಂಜಿನ್ ಕೆಡುವುದೆಂದರೆ ಸುಲಭವಾಗಿ ಮರಳಿ ಸಿಗದ ಭಾಗಗಳನ್ನು ಕಳೆದುಕೊಂಡಂತೆ.

ದಕ್ಷಿಣ ಭಾರತದ ರಸ್ತೆ ಓಟಗಳಿಗೆ ದೀರ್ಘಕಾಲ ಕೇಂದ್ರವಾಗಿದ್ದುದು ಮದರಾಸಿನ ಸಮೀಪದ ಶೋಲಾವರಂ. ಎರಡನೆಯ ಮಹಾಯುದ್ಧದ ಕಾಲದ ವಿಮಾನ ಓಡುದಾರಿಯನ್ನೇ ಅಲ್ಲಿ ಓಟದ ಪಥವನ್ನಾಗಿ ಬಳಸಲಾಗುತ್ತಿತ್ತು. ಅನಂತರ ಶ್ರೀಪೆರಂಬದೂರಿನ ಬಳಿಯ ಇರುಂಗಾಟ್ಟುಕೋಟ್ಟೈಯಲ್ಲಿ ಶಾಶ್ವತ ಪಥ ನಿರ್ಮಾಣವಾಯಿತು. ಅದರ ಉದ್ದ ಸುಮಾರು 3.7 ಕಿ.ಮೀ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿ.ಮೀ. ಉದ್ದದ ಕಿರು ಪಥ. ದೆಹಲಿ ಸಮೀಪದ ಗ್ರೇಟರ್ ನೋಯ್ಡಾದಲ್ಲಿ 2011ರಲ್ಲಿ ಆರಂಭವಾದ ಬುದ್ಧ ಅಂತರರಾಷ್ಟ್ರೀಯ ಸರ್ಕ್ಯೂಟ್‌ನ ಉದ್ದ 5.125 ಕಿ.ಮೀ., ಅದರ ಅತಿ ಉದ್ದದ ನೇರದಾರಿ ಒಂದು ಕಿಲೋಮೀಟರಿಗಿಂತ ಹೆಚ್ಚು. ಮೈಸೂರು ಅಥವಾ ಬೆಂಗಳೂರಿನಲ್ಲಿ ಸಜ್ಜುಗೊಳಿಸಿದ ವಾಹನವು ಈ ಪಥಗಳಿಗೆ ಹೋಗುವಾಗ ಪಥದ ಸ್ವರೂಪ, ಸಮುದ್ರಮಟ್ಟದಿಂದ ಎತ್ತರ ಮತ್ತು ಹವೆ ಎಲ್ಲವೂ ಬದಲಾಗುತ್ತವೆ.

ಲೆಕ್ಕಾಚಾರ

ವಾಹನದ ವೇಗವನ್ನು ಹೀಗೆ ಲೆಕ್ಕ ಹಾಕಲಾಗುತ್ತದೆ: ಎಂಜಿನ್‌ನ ತಿರುಗುವೇಗವನ್ನು (ನಿಮಿಷಕ್ಕೆ ಸುತ್ತುಗಳು) ಒಟ್ಟು ಅನುಪಾತದಿಂದ ಭಾಗಿಸಿ, ಹಿಂದಿನ ಟೈರಿನ ಸುತ್ತಳತೆಯಿಂದ (ಮೀಟರ್‌ಗಳಲ್ಲಿ) ಗುಣಿಸಿ, ಬಂದ ಉತ್ತರವನ್ನು 0.06ರಿಂದ ಗುಣಿಸಿದರೆ ಗಂಟೆಗೆ ಕಿಲೋಮೀಟರ್‌ಗಳಲ್ಲಿ ವೇಗ ದೊರೆಯುತ್ತದೆ.

ಟೈರಿನ ಸುತ್ತಳತೆಯನ್ನು ಪುಸ್ತಕದ ಅಂಕಿಗಳಿಂದ ತೆಗೆದುಕೊಳ್ಳುವುದಕ್ಕಿಂತ ಅಳೆದು ತಿಳಿಯುವುದು ಲೇಸು. ಓಟಕ್ಕೆ ಬೇಕಾದಷ್ಟು ಗಾಳಿ ತುಂಬಿ, ಸವಾರನು ಕುಳಿತಿರುವಾಗ ಟೈರಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ವಾಹನವನ್ನು ನೆಲದ ಮೇಲೆ ಚಕ್ರದ ಒಂದು ಪೂರ್ಣ ಸುತ್ತಿನಷ್ಟು ತಳ್ಳಿ, ಎರಡು ಗುರುತುಗಳ ನಡುವಿನ ದೂರವನ್ನು ಅಳೆಯಲಾಗುತ್ತದೆ.

ಉದಾಹರಣೆಗೆ, 250 ಸಿಸಿಯ ಒಂದು ಕಾಲ್ಪನಿಕ ರೇಸಿಂಗ್ ಎಂಜಿನ್‌ನ ಗರಿಷ್ಠ ಶಕ್ತಿ 7,000 ಸುತ್ತುಗಳಲ್ಲಿ ದೊರೆಯುತ್ತದೆ, ಅದರ ಸುರಕ್ಷಿತ ಮಿತಿ 7,500 ಸುತ್ತುಗಳು, 5,500ಕ್ಕಿಂತ ಕೆಳಗೆ ಅದರ ಎಳೆತ ಕುಗ್ಗುತ್ತದೆ ಎಂದಿಟ್ಟುಕೊಳ್ಳಬಹುದು. ಪ್ರಾಥಮಿಕ ಅನುಪಾತ 2.0, ನಾಲ್ಕು ಗೇರುಗಳ ಅನುಪಾತಗಳು ಕ್ರಮವಾಗಿ 2.3, 1.7, 1.25 ಮತ್ತು 1.0, ಟೈರಿನ ಸುತ್ತಳತೆ 1.95 ಮೀಟರ್ ಎಂದಾದರೆ, ನಾಲ್ಕನೆಯ ಗೇರಿನಲ್ಲಿ 7,000 ಸುತ್ತುಗಳಿಗೆ ದೊರೆಯುವ ವೇಗ ಹೀಗಿರುತ್ತದೆ:

ಮುಂದೆ 18, ಹಿಂದೆ 48 ಹಲ್ಲು: ಅಂತಿಮ ಅನುಪಾತ 2.67, ವೇಗ ಸುಮಾರು 154 ಕಿ.ಮೀ.
ಮುಂದೆ 17, ಹಿಂದೆ 47 ಹಲ್ಲು: ಅಂತಿಮ ಅನುಪಾತ 2.76, ವೇಗ ಸುಮಾರು 148 ಕಿ.ಮೀ.
ಮುಂದೆ 17, ಹಿಂದೆ 48 ಹಲ್ಲು: ಅಂತಿಮ ಅನುಪಾತ 2.82, ವೇಗ ಸುಮಾರು 145 ಕಿ.ಮೀ.
ಮುಂದೆ 17, ಹಿಂದೆ 49 ಹಲ್ಲು: ಅಂತಿಮ ಅನುಪಾತ 2.88, ವೇಗ ಸುಮಾರು 142 ಕಿ.ಮೀ.
ಮುಂದೆ 17, ಹಿಂದೆ 50 ಹಲ್ಲು: ಅಂತಿಮ ಅನುಪಾತ 2.94, ವೇಗ ಸುಮಾರು 139 ಕಿ.ಮೀ.
ಮುಂದೆ 16, ಹಿಂದೆ 48 ಹಲ್ಲು: ಅಂತಿಮ ಅನುಪಾತ 3.00, ವೇಗ ಸುಮಾರು 136 ಕಿ.ಮೀ.

ಮುಂದಿನ ಸ್ಪ್ರಾಕೆಟ್‌ನ ಒಂದು ಹಲ್ಲಿನಿಂದ ಸುಮಾರು ಶೇ. 6ರಷ್ಟು, ಹಿಂದಿನದರ ಒಂದು ಹಲ್ಲಿನಿಂದ ಸುಮಾರು ಶೇ. 2ರಷ್ಟು ವ್ಯತ್ಯಾಸವಾಗುವುದನ್ನು ಇಲ್ಲಿ ಗಮನಿಸಬಹುದು. ಹೀಗಾಗಿ ದೊಡ್ಡ ತಿದ್ದುಪಡಿಗೆ ಮುಂದಿನ ಸ್ಪ್ರಾಕೆಟ್, ಸೂಕ್ಷ್ಮ ತಿದ್ದುಪಡಿಗೆ ಹಿಂದಿನ ಸ್ಪ್ರಾಕೆಟ್ ಬಳಕೆಯಾಗುತ್ತದೆ. ಇಂಥ ಪಟ್ಟಿಯನ್ನು ಮನೆಯಲ್ಲೇ ಸಿದ್ಧಪಡಿಸಿ ಪಥಕ್ಕೆ ಒಯ್ಯುವುದರಿಂದ ಗಡಿಬಿಡಿಯಲ್ಲಿ ಲೆಕ್ಕ ಹಾಕುವ ತೊಂದರೆ ತಪ್ಪುತ್ತದೆ.

ಅಪರಿಚಿತ ಪಥದ ಅಂದಾಜು

ಪಥದ ನಕ್ಷೆಯಿಂದ ಮುಖ್ಯವಾಗಿ ಎರಡು ಸಂಗತಿಗಳನ್ನು ತಿಳಿಯಬೇಕಾಗುತ್ತದೆ. ಮೊದಲನೆಯದು ಅತಿ ಉದ್ದದ ನೇರದಾರಿಯ ಉದ್ದ ಮತ್ತು ಅದಕ್ಕೆ ಮೊದಲು ಬರುವ ತಿರುವಿನ ವೇಗ. ಎರಡನೆಯದು ಅತಿ ನಿಧಾನವಾದ ತಿರುವಿನ ವೇಗ. ನೇರದಾರಿ ಎಷ್ಟೇ ಉದ್ದವಿದ್ದರೂ ಅದಕ್ಕೆ ಪ್ರವೇಶಿಸುವ ತಿರುವು ನಿಧಾನವಾಗಿದ್ದರೆ ಕೊನೆಯಲ್ಲಿ ತಲಪುವ ವೇಗ ಕಡಿಮೆಯಿರುತ್ತದೆ. ಆದುದರಿಂದ ಪಥದ ಒಟ್ಟು ಉದ್ದವನ್ನು ಮಾತ್ರ ನೋಡಿ ಗೇರಿಂಗ್ ನಿರ್ಧರಿಸಲಾಗದು.

ತಿರುವಿನ ವೇಗವನ್ನು ಅದರ ತ್ರಿಜ್ಯದಿಂದ ಅಂದಾಜು ಮಾಡಬಹುದು. ಪಾರ್ಶ್ವ ವೇಗೋತ್ಕರ್ಷವನ್ನು ತ್ರಿಜ್ಯದಿಂದ ಗುಣಿಸಿ ವರ್ಗಮೂಲ ತೆಗೆದರೆ ವೇಗ ದೊರೆಯುತ್ತದೆ. ಒಣ ನೆಲದಲ್ಲಿ ಟೈರುಗಳು ಸೆಕೆಂಡಿನ ವರ್ಗಕ್ಕೆ 8 ಮೀಟರ್‌ನಷ್ಟು ಪಾರ್ಶ್ವ ವೇಗೋತ್ಕರ್ಷವನ್ನು ತಾಳುತ್ತವೆ ಎಂದಿಟ್ಟುಕೊಂಡರೆ, 40 ಮೀಟರ್ ತ್ರಿಜ್ಯದ ತಿರುವಿನ ವೇಗ ಗಂಟೆಗೆ ಸುಮಾರು 64 ಕಿ.ಮೀ., 100 ಮೀಟರ್ ತ್ರಿಜ್ಯದ ತಿರುವಿನ ವೇಗ ಸುಮಾರು 102 ಕಿ.ಮೀ. ಆಗುತ್ತದೆ.

ಪರಿಚಿತ ಪಥವೊಂದರ ದಾಖಲೆ ಇದ್ದರೆ ಅಂದಾಜು ಇನ್ನಷ್ಟು ನಿಖರವಾಗುತ್ತದೆ. ಯಾವ ತಿರುವಿನಿಂದ ಹೊರಟು, ಎಷ್ಟು ಮೀಟರ್ ಸಾಗಿದಾಗ, ಯಾವ ಸ್ಪ್ರಾಕೆಟ್‌ಗಳೊಂದಿಗೆ ಎಷ್ಟು ಸುತ್ತುಗಳು ದೊರೆತವು ಎಂಬುದನ್ನು ಬರೆದಿಟ್ಟಿರುವವರು ಹೊಸ ಪಥದ ನೇರದಾರಿಯನ್ನು ಅದರೊಂದಿಗೆ ಹೋಲಿಸಬಹುದು. ಏರುದಾರಿ ಮತ್ತು ಇಳಿಜಾರುಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಐಲ್ ಆಫ್ ಮ್ಯಾನ್ ದ್ವೀಪದ 60.72 ಕಿ.ಮೀ. ಉದ್ದದ ಪರ್ವತ ಪಥವು ಸಮುದ್ರಮಟ್ಟದ ಸಮೀಪದಿಂದ 400 ಮೀಟರಿಗೂ ಮೇಲಕ್ಕೆ ಏರಿ ಮತ್ತೆ ಇಳಿಯುತ್ತದೆ. ಅಲ್ಲಿ ಏರಿಗೂ ಇಳಿಜಾರಿಗೂ ಒಂದೇ ಜೋಡಿ ಸ್ಪ್ರಾಕೆಟ್ ಸಾಕಾಗಬೇಕು. ಹಾಗಾಗಿ ಯಾವ ಭಾಗದಲ್ಲಿ ರಾಜಿ ಮಾಡಿಕೊಳ್ಳಬೇಕೆಂಬುದೇ ಅಲ್ಲಿನ ಗೇರಿಂಗ್ ಪ್ರಶ್ನೆಯಾಗಿದೆ.

ನಿಧಾನ ತಿರುವಿನ ಪರೀಕ್ಷೆ

ನೇರದಾರಿಗೆ ಒಪ್ಪುವ ಗೇರಿಂಗ್ ನಿಧಾನ ತಿರುವಿಗೆ ಒಪ್ಪದಿರಬಹುದು. ಮೇಲಿನ ಉದಾಹರಣೆಯ ವಾಹನವು 17–48 ಸ್ಪ್ರಾಕೆಟ್‌ಗಳೊಂದಿಗೆ 64 ಕಿ.ಮೀ. ವೇಗದ ತಿರುವಿನಲ್ಲಿ ಎರಡನೆಯ ಗೇರಿನಲ್ಲಿದ್ದರೆ ಎಂಜಿನ್ ಸುಮಾರು 5,250 ಸುತ್ತುಗಳಲ್ಲಿ, ಅಂದರೆ ಶಕ್ತಿಪಟ್ಟಿಯ ಕೆಳಗೆ ಇರುತ್ತದೆ. ಮೊದಲನೆಯ ಗೇರಿನಲ್ಲಿದ್ದರೆ 7,100 ಸುತ್ತುಗಳನ್ನು ಮುಟ್ಟಿ, ತಿರುವಿನಿಂದ ಹೊರಬರುವಾಗ ವಾಹನ ಇನ್ನೂ ವಾಲಿರುವಂತೆಯೇ ಗೇರ್ ಬದಲಿಸಬೇಕಾಗುತ್ತದೆ. 16–48ರಲ್ಲಿ ಎರಡನೆಯ ಗೇರ್ ಸುಮಾರು 5,580 ಸುತ್ತುಗಳನ್ನು ಕೊಟ್ಟು ಶಕ್ತಿಪಟ್ಟಿಯೊಳಗೆ ಬರುತ್ತದೆ, ಆದರೆ ಗರಿಷ್ಠ ವೇಗ ಸುಮಾರು 9 ಕಿ.ಮೀ. ಕಡಿಮೆಯಾಗುತ್ತದೆ. 17–50 ಇವೆರಡರ ನಡುವಿನ ದಾರಿ: ಎರಡನೆಯ ಗೇರಿನಲ್ಲಿ ಸುಮಾರು 5,470 ಸುತ್ತುಗಳು, ಗರಿಷ್ಠ ಶಕ್ತಿಯಲ್ಲಿ 139 ಕಿ.ಮೀ. ವೇಗ.

ಯಾವುದನ್ನು ಆರಿಸಬೇಕೆಂಬುದು ಆ ತಿರುವಿನ ನಂತರ ಏನಿದೆ ಎಂಬುದನ್ನು ಅವಲಂಬಿಸುತ್ತದೆ. ನಿಧಾನ ತಿರುವಿನ ನಂತರ ಉದ್ದದ ನೇರದಾರಿ ಇದ್ದರೆ ಅಲ್ಲಿ ಪಡೆದ ಎಳೆತದ ಲಾಭ ನೇರದಾರಿಯ ಉದ್ದಕ್ಕೂ ಉಳಿಯುತ್ತದೆ. ಅದರ ನಂತರ ಕೂಡಲೇ ಇನ್ನೊಂದು ತಿರುವು ಇದ್ದರೆ ಲಾಭ ಅಲ್ಪ. ಅಂಥ ಒಂದು ತಿರುವಿಗಾಗಿ ಇಡೀ ಪಥದ ಗೇರಿಂಗನ್ನು ಬದಲಿಸುವುದು ಸಾಧಾರಣವಾಗಿ ಲಾಭಕರವಲ್ಲ.

ಎತ್ತರ, ಗಾಳಿ ಮತ್ತು ಕಾರ್ಬ್ಯುರೇಟರ್

ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿವೆ. ಅಲ್ಲಿನ ವಾಯುಭಾರವು ಸಮುದ್ರಮಟ್ಟಕ್ಕಿಂತ ಸುಮಾರು ಶೇ. 9ರಿಂದ 10ರಷ್ಟು ಕಡಿಮೆ. ಗಾಳಿ ವಿರಳವಾದಾಗ ಎಂಜಿನ್‌ನ ಶಕ್ತಿ ಕುಗ್ಗುತ್ತದೆ, ಜೊತೆಗೆ ವಾಹನವನ್ನು ತಡೆಯುವ ಗಾಳಿಯ ಪ್ರತಿರೋಧವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಹೀಗಾಗಿ ಕೊನೆಯಿಲ್ಲದ ರಸ್ತೆಯಲ್ಲಿ ತಲಪಬಹುದಾದ ಪರಮ ವೇಗ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ವೇಗವರ್ಧನೆ. ಓಟದ ಪಥದ ನೇರದಾರಿಗೆ ಕೊನೆಯಿರುವುದರಿಂದ, ಬಯಲುಸೀಮೆಯ ಎತ್ತರದಿಂದ ಚೆನ್ನೈ ಕರಾವಳಿಯ ಕಡೆಗೆ ಇಳಿದ ವಾಹನವು ಅಷ್ಟೇ ಉದ್ದದ ನೇರದಾರಿಯ ಕೊನೆಯಲ್ಲಿ ತುಸು ಹೆಚ್ಚು ವೇಗವನ್ನು ತಲಪುವ ಸಂಭವವಿದೆ.

ಎರಡು ಹೊಡೆತದ ಎಂಜಿನ್‌ಗಳಲ್ಲಿ ಇದಕ್ಕಿಂತ ಮುಖ್ಯವಾದುದು ಕಾರ್ಬ್ಯುರೇಟರ್‌ನ ಹೊಂದಾಣಿಕೆ. ಎತ್ತರದ ಊರಿನ ವಿರಳ ಗಾಳಿಗೆ ಸರಿಹೊಂದಿಸಿದ ಮುಖ್ಯ ಜೆಟ್, ಸಮುದ್ರಮಟ್ಟದ ಸಾಂದ್ರ ಗಾಳಿಯಲ್ಲಿ ಅಗತ್ಯಕ್ಕಿಂತ ಕಡಿಮೆ ಪೆಟ್ರೋಲನ್ನು ಒದಗಿಸುತ್ತದೆ. ಈ ಎಂಜಿನ್‌ಗಳಲ್ಲಿ ಕೀಲೆಣ್ಣೆಯು ಪೆಟ್ರೋಲಿನೊಂದಿಗೇ ಬೆರೆತು ಬರುವುದರಿಂದ, ಪೆಟ್ರೋಲು ಕಡಿಮೆಯಾದರೆ ಎಣ್ಣೆಯೂ ಕಡಿಮೆಯಾಗುತ್ತದೆ. ಶಾಖ ಹೆಚ್ಚಿ ಪಿಸ್ಟನ್ ಸಿಲಿಂಡರಿನಲ್ಲಿ ಕಚ್ಚಿಕೊಳ್ಳಬಹುದು. ಆದುದರಿಂದ ಕೆಳಗಿನ ಊರಿಗೆ ಹೋದಾಗ ಮೊದಲು ದೊಡ್ಡ ಜೆಟ್ ಹಾಕಿ, ಸ್ಪಾರ್ಕ್ ಪ್ಲಗ್‌ನ ಬಣ್ಣ ನೋಡಿಕೊಂಡು ಹಂತಹಂತವಾಗಿ ಚಿಕ್ಕದಕ್ಕೆ ಬರುವುದು ಸುರಕ್ಷಿತ ಕ್ರಮ. ಜೆಟ್ ಸರಿಯಾಗುವ ಮೊದಲು ಗೇರಿಂಗ್ ಬಗ್ಗೆ ತೀರ್ಮಾನಕ್ಕೆ ಬರುವುದು ತಪ್ಪು, ಏಕೆಂದರೆ ಎಂಜಿನ್‌ನ ಕೊರತೆಯನ್ನು ಗೇರಿಂಗ್‌ನ ಕೊರತೆಯೆಂದು ಭ್ರಮಿಸುವ ಸಾಧ್ಯತೆಯಿದೆ.

ಗಾಳಿಯ ದಿಕ್ಕೂ ಮುಖ್ಯ. ಚೆನ್ನೈ ಸುತ್ತಮುತ್ತ ಮಧ್ಯಾಹ್ನದ ಹೊತ್ತಿಗೆ ಕಡಲ ಗಾಳಿ ಬೀಸುವುದು ಸಾಮಾನ್ಯ. ಬೆಳಗಿನ ಅಭ್ಯಾಸದಲ್ಲಿ ಸರಿಯೆನಿಸಿದ ಗೇರಿಂಗ್, ಮಧ್ಯಾಹ್ನದ ಓಟದಲ್ಲಿ ಎದುರುಗಾಳಿಗೆ ಸಿಕ್ಕಿದರೆ ಎತ್ತರವೆನಿಸಬಹುದು, ಬೆನ್ನಗಾಳಿ ಬಂದರೆ ಗಿಡ್ಡವೆನಿಸಬಹುದು. ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡು ಓಡುವಾಗಲೂ ಗಾಳಿಯ ತಡೆ ಕಡಿಮೆಯಾಗಿ ತಿರುಗುವೇಗ ಹೆಚ್ಚುತ್ತದೆ.

ಅಭ್ಯಾಸ ಓಟದಲ್ಲಿ ತಿದ್ದುಪಡಿ

ಹೊಸ ಪಥದಲ್ಲಿ ಲೆಕ್ಕ ಸೂಚಿಸುವುದಕ್ಕಿಂತ ತುಸು ಎತ್ತರದ ಗೇರಿಂಗ್‌ನಿಂದ ಆರಂಭಿಸುವುದಕ್ಕೆ ಎರಡು ಕಾರಣಗಳಿವೆ. ಒಂದು, ಅಂದಾಜು ತಪ್ಪಿದರೂ ಎಂಜಿನ್ ಮಿತಿಮೀರಿ ತಿರುಗುವುದಿಲ್ಲ. ಎರಡು, ಸವಾರನ ಮೊದಲ ಸುತ್ತುಗಳ ವೇಗ ಅವನ ನಿಜವಾದ ವೇಗವಾಗಿರುವುದಿಲ್ಲ. ಪಥ ಪರಿಚಯವಾದಂತೆ ಅವನು ತಿರುವಿನಿಂದ ಬೇಗ ಹಾಗೂ ಹೆಚ್ಚು ವೇಗದಲ್ಲಿ ಹೊರಬರುತ್ತಾನೆ, ಬ್ರೇಕನ್ನು ತಡವಾಗಿ ಹಿಡಿಯುತ್ತಾನೆ. ಆಗ ನೇರದಾರಿಯ ಕೊನೆಯ ತಿರುಗುವೇಗ ತಾನಾಗಿಯೇ ಏರುತ್ತದೆ. ಮೊದಲ ಸುತ್ತುಗಳ ನಿಧಾನವನ್ನು ನಂಬಿ ಗೇರಿಂಗ್ ಗಿಡ್ಡ ಮಾಡಿದವರು ಓಟದ ವೇಳೆಗೆ ಎಂಜಿನ್ ಮಿತಿ ಮುಟ್ಟುವುದನ್ನು ಕಾಣಬೇಕಾಗುತ್ತದೆ.

ಟ್ಯಾಕೊಮೀಟರ್‌ನ ಎರಡು ಅಂಕಿಗಳನ್ನು ಗಮನಿಸಿದರೆ ಸಾಕು: ಅತಿ ಉದ್ದದ ನೇರದಾರಿಯಲ್ಲಿ ಬ್ರೇಕ್ ಹಿಡಿಯುವ ಮುನ್ನ ಇದ್ದ ಸುತ್ತುಗಳು, ಮತ್ತು ಮುಖ್ಯವಾದ ನಿಧಾನ ತಿರುವಿನಿಂದ ಹೊರಬರುವಾಗ ಇದ್ದ ಸುತ್ತುಗಳು. ಉದಾಹರಣೆಯ ವಾಹನವು 17–48ರಲ್ಲಿ ನೇರದಾರಿಯ ಕೊನೆಗೆ 6,600 ಸುತ್ತುಗಳನ್ನಷ್ಟೇ ತಲಪಿದರೆ, ಅದೇ ವೇಗಕ್ಕೆ 16–48ರಲ್ಲಿ ಸುಮಾರು 7,010 ಸುತ್ತುಗಳು ದೊರೆಯುತ್ತವೆ. ಬ್ರೇಕ್ ಹಿಡಿಯುವುದಕ್ಕೆ ಬಹಳ ಮೊದಲೇ 7,500 ಮುಟ್ಟಿದರೆ 17–46ಕ್ಕೆ ಬದಲಿಸಬಹುದು. ಆಗ ಅದೇ ವೇಗದಲ್ಲಿ ಸುಮಾರು 7,190 ಸುತ್ತುಗಳಿರುತ್ತವೆ. ಮೇಲಿನ ಗೇರಿನಲ್ಲಿ ನೇರದಾರಿಯ ಕೊನೆಗೆ ಎಂಜಿನ್ ತನ್ನ ಗರಿಷ್ಠ ಶಕ್ತಿಯ ಬಿಂದುವನ್ನು ತುಸು ದಾಟಿ, ಸುರಕ್ಷಿತ ಮಿತಿಗೆ ಇನ್ನೂ ಅಂತರವಿರುವಂತೆ ನೋಡಿಕೊಳ್ಳುವುದು ಸಾಮಾನ್ಯ ಗುರಿ.

ಒಂದು ಬಾರಿಗೆ ಒಂದೇ ಬದಲಾವಣೆ ಮಾಡಬೇಕೆಂಬುದು ಈ ಕೆಲಸದ ಮುಖ್ಯ ನಿಯಮ. ಸ್ಪ್ರಾಕೆಟ್, ಜೆಟ್ ಮತ್ತು ಟೈರಿನ ಗಾಳಿಯನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದಿಲ್ಲ. ವಾಹನ ವಾಲಿರುವಾಗ ಟೈರಿನ ಅಂಚಿನ ಮೇಲೆ ಓಡುವುದರಿಂದ ಅದರ ಪರಿಣಾಮಕಾರಿ ಸುತ್ತಳತೆ ಕಡಿಮೆಯಾಗಿ ತಿರುಗುವೇಗ ತುಸು ಹೆಚ್ಚು ಕಾಣುತ್ತದೆ ಎಂಬುದನ್ನೂ ಅಂಕಿಗಳನ್ನು ಓದುವಾಗ ನೆನಪಿಡಬೇಕು.

ಚೈನ್ ಮತ್ತು ಸ್ಪ್ರಾಕೆಟ್‌ಗಳ ಜೋಡಣೆ

ಒಂದೇ ಅನುಪಾತವನ್ನು ಬೇರೆ ಬೇರೆ ಜೋಡಿಗಳಿಂದ ಪಡೆಯಬಹುದು. 17–50 ಮತ್ತು 16–47 ಇವೆರಡರ ಅಂತಿಮ ಅನುಪಾತವೂ ಸುಮಾರು 2.94. ಇಂಥ ಸಂದರ್ಭದಲ್ಲಿ ದೊಡ್ಡ ಮುಂದಿನ ಸ್ಪ್ರಾಕೆಟ್ ಮೇಲು, ಏಕೆಂದರೆ ಚೈನ್ ಕಡಿಮೆ ಬಾಗುತ್ತದೆ ಮತ್ತು ಸವೆತ ಕಡಿಮೆಯಾಗುತ್ತದೆ. ಚೈನಿನ ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮಸಂಖ್ಯೆಯಾಗಿರುವುದರಿಂದ ಬೆಸಸಂಖ್ಯೆಯ ಹಲ್ಲುಗಳಿರುವ ಸ್ಪ್ರಾಕೆಟ್ ಹೆಚ್ಚು ಸಮನಾಗಿ ಸವೆಯುತ್ತದೆ.

ಒಂದು ಹಲ್ಲು ಹೆಚ್ಚಿಸಿದರೆ ಅದೇ ಚೈನಿಗೆ ಹಿಂದಿನ ಅಚ್ಚು ಸುಮಾರು 3–4 ಮಿ.ಮೀ. ಮುಂದಕ್ಕೆ ಬರಬೇಕಾಗುತ್ತದೆ. ಹೊಂದಾಣಿಕೆಯ ಗಾಡಿ ಸಾಲದಿದ್ದರೆ ಬೇರೆ ಉದ್ದದ ಚೈನ್ ಬೇಕು. ಪ್ರತಿ ಬದಲಾವಣೆಯ ನಂತರ ಚಕ್ರದ ನೇರ, ಚೈನಿನ ಸಡಿಲ, ಕೊಂಡಿಯ ಕ್ಲಿಪ್ ಮತ್ತು ಹಿಂದಿನ ಬ್ರೇಕ್‌ನ ಹೊಂದಾಣಿಕೆಯನ್ನು ಪರೀಕ್ಷಿಸಲಾಗುತ್ತದೆ. ಯೆಜ್ಡಿಯಂಥ ವಾಹನಗಳಲ್ಲಿ ಚೈನ್ ಕವಚವಿದ್ದರೆ ಈ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ.

ಸುರಕ್ಷತೆ

ಗಿಡ್ಡ ಗೇರಿಂಗ್‌ನಿಂದ ಎಂಜಿನ್ ಮಿತಿಮೀರಿ ತಿರುಗಿದರೆ ಕನೆಕ್ಟಿಂಗ್ ರಾಡ್, ಪಿಸ್ಟನ್ ಮತ್ತು ಬೇರಿಂಗ್‌ಗಳು ಹಾನಿಗೊಳ್ಳುತ್ತವೆ. ಅತಿ ಎತ್ತರದ ಗೇರಿಂಗ್ ಕೂಡ ನಿರಪಾಯಕಾರಿಯಲ್ಲ. ಪೂರ್ಣ ಥ್ರಾಟಲ್‌ನಲ್ಲಿ ಕಡಿಮೆ ಸುತ್ತುಗಳಲ್ಲಿ ಬಹಳ ಹೊತ್ತು ಎಳೆಯುವ ಎಂಜಿನ್ ಕಾವೇರುತ್ತದೆ. ಎರಡು ಹೊಡೆತದ ಎಂಜಿನ್ ಓಟದ ವೇಗದಲ್ಲಿ ಕಚ್ಚಿಕೊಂಡರೆ ಹಿಂದಿನ ಚಕ್ರ ತಟ್ಟನೆ ನಿಂತು ವಾಹನ ಜಾರುತ್ತದೆ. ಅನುಭವಿ ಸವಾರರು ನೇರದಾರಿಗಳಲ್ಲಿ ಕ್ಲಚ್ ಸನ್ನೆಯ ಮೇಲೆ ಒಂದೆರಡು ಬೆರಳುಗಳನ್ನು ಇಟ್ಟಿರುವುದು ಇಂಥ ಕ್ಷಣದಲ್ಲಿ ಚಕ್ರವನ್ನು ಎಂಜಿನ್‌ನಿಂದ ಬಿಡಿಸುವ ಸಲುವಾಗಿ.

ಒಂದು ಪಥದಲ್ಲಿ ಬಳಸಿದ ಸ್ಪ್ರಾಕೆಟ್‌ಗಳು, ಜೆಟ್, ಹವೆ, ಗಾಳಿಯ ದಿಕ್ಕು, ನೇರದಾರಿಯ ಕೊನೆಯ ಸುತ್ತುಗಳು ಮತ್ತು ಸುತ್ತಿನ ಸಮಯವನ್ನು ಬರೆದಿಡುವ ಪದ್ಧತಿ ಎಲ್ಲ ಮಟ್ಟದ ರೇಸಿಂಗ್‌ನಲ್ಲೂ ಇದೆ. ಎರಡನೆಯ ಬಾರಿ ಅದೇ ಪಥಕ್ಕೆ ಹೋದಾಗ ಈ ದಾಖಲೆಯೇ ಆರಂಭದ ಅಂದಾಜಾಗುತ್ತದೆ.